1991ರ ಬಗ್ಗೆ ಅಜ್ಜನನ್ನು ಕೇಳೋದು ಹೇಗೆ?

ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವಳು ನಾನು. 1991ರಲ್ಲಿ ದೇಶ ಮುಕ್ತ ಮಾರುಕಟ್ಟೆ ಕಡೆ ತಿರುಗಿದಾಗ ಮನೆಯಲ್ಲಿ ಏನೇನು ದಿಗಿಲಿತ್ತು, ಹಿರಿಯರನ್ನು ಕೇಳಿ ಬರೆದು ತನ್ನಿ ಅಂತ ಪ್ರತಿ ವರ್ಷ ಹೇಳುತ್ತೇನೆ. ನೀವೂ ಕೇಳಿ ನೋಡಿ.

ಉದಾರೀಕರಣ ಅಂದರೆ ಏನನ್ನಿಸಿತು ಅಂತ ಶುರು ಮಾಡಬೇಡಿ. 'ಒಳ್ಳೇದೇ ಆಯ್ತು ಬಿಡವ್ವ' ಅಂದು ಟಿವಿ ಕಡೆ ತಿರುಗುತ್ತಾರೆ. ಗ್ಯಾಸು, ಗೊಬ್ಬರ, ಬಂಗಾರದ ಮಾತು ತೆಗೆಯಿರಿ.

ಒಂದು ಚೀಟಿಯಲ್ಲಿ ತಾರೀಖು ಬರೆದಿಟ್ಟುಕೊಳ್ಳಿ. 1991ರ ಜುಲೈ 1 ಮತ್ತು 3ರಂದು ರೂಪಾಯಿ ಬೆಲೆ ಇಳಿಸಿದರು. ಅದೇ ತಿಂಗಳು ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಬಂಗಾರವನ್ನು ಹೊರದೇಶದಲ್ಲಿ ಅಡ ಇಟ್ಟಿತು. ಇದನ್ನು ಅಜ್ಜಿಗೆ ಕೇಳಿ. ಬಂಗಾರ ಗಿರವಿ ಅಂಗಡಿಗೆ ಹೋಗೋದು ಯಾವಾಗ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಜುಲೈ 24ಕ್ಕೆ ಮನಮೋಹನ್ ಸಿಂಗ್ ಬಜೆಟ್. ಅಡುಗೆ ಗ್ಯಾಸ್ ಶೇ. 20 ಏರಿತು. ಗೊಬ್ಬರ ಶೇ. 40 ಅಂದರು, ಗಲಾಟೆ ಆದಮೇಲೆ 30ಕ್ಕೆ ಇಳಿಸಿದರು.

ರೈತರ ಮನೆಯಾದರೆ ಗೊಬ್ಬರದ ಮೇಲೇ ಜಾಸ್ತಿ ಹೊತ್ತು ಕೂರಿ. 1992ರ ಆಗಸ್ಟಿನಲ್ಲಿ ಡಿಎಪಿ, ಪೊಟ್ಯಾಷ್ ಬೆಲೆಯ ಮೇಲಿನ ಹಿಡಿತವನ್ನು ಸರ್ಕಾರ ಬಿಟ್ಟುಬಿಟ್ಟಿತು, ಅವು ತುಟ್ಟಿಯಾದವು. ಯೂರಿಯಾದ್ದು ಬಿಡಲಿಲ್ಲ. 'ಅಜ್ಜಾ, ಆ ವರ್ಷ ಯಾವ ಚೀಲ ತಂದ್ರಿ?' ಅಂತ ಕೇಳಿ. ನಮ್ಮ ಹುಡುಗಿಯೊಬ್ಬಳ ಅಜ್ಜ ಡಿಎಪಿ ಬಿಟ್ಟು ಯೂರಿಯಾ ಎರಡು ಹಿಡಿ ಹೆಚ್ಚಿಗೆ ಎರಚಿದ್ದರಂತೆ. 'ಪೈರು ಹಸಿರಾಗಿ ಕಾಣ್ತಿತ್ತು. ಸಾಲ ಕೊಟ್ಟೋರ ಬಾಯಿ ಮುಚ್ಚಿಸೋಕೆ ಅಷ್ಟು ಸಾಕಾಗಿತ್ತು' ಅಂದರಂತೆ. ಪಠ್ಯಪುಸ್ತಕದಲ್ಲಿ ಗೊಬ್ಬರ ಬಳಕೆ ಏರುಪೇರಾಯಿತು ಅಂತ ಒಂದು ಸಾಲಿದೆ, ಅಷ್ಟೇ.

ಹಸಿರು ಶಾಲು ಹಾಕಿದವರು ಸಿಕ್ಕರೆ ಒಂದು ಸಂಜೆ ಪೂರ್ತಿ ಬಿಡುವು ಮಾಡಿಕೊಳ್ಳಿ. 1992ರ ಡಿಸೆಂಬರಿನಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಅನ್ನೋ ವಿದೇಶಿ ಬೀಜ ಕಂಪನಿ ಕಚೇರಿಗೆ ನುಗ್ಗಿ, ಕಾಗದಪತ್ರ ಬೀದಿಗೆಸೆದು ಸುಟ್ಟರು. ಇಂಥ ಕಂಪನಿಗಳು ಬೀಜಕ್ಕೆ ಪೇಟೆಂಟ್ ಪಡೆದರೆ, ಬೆಳೆದ ಬೀಜ ಎತ್ತಿಟ್ಟುಕೊಳ್ಳೋ ಹಕ್ಕೇ ಹೋಗುತ್ತೆ ಅನ್ನೋ ಭಯ. 'ಆಮೇಲೆ ಹಾಗೇನೂ ಆಗಲಿಲ್ವಲ್ಲ' ಅಂತ ಮಧ್ಯೆ ಬಾಯಿ ಹಾಕಬೇಡಿ. 2001ರ ಸಸ್ಯ ತಳಿ ಕಾನೂನಿನಲ್ಲಿ ರೈತರಿಗೆ ಆ ಹಕ್ಕು ಉಳಿಯಿತು, ನಿಜ. 1992ರಲ್ಲಿ ಅದು ಯಾರಿಗೆ ಗೊತ್ತಿತ್ತು? ಅವರು ಕೂಗಾಡದೇ ಇದ್ದಿದ್ದರೆ ಅದೂ ಉಳಿಯುತ್ತಿರಲಿಲ್ಲವೇನೋ ಅಂತ ನನಗನ್ನಿಸುತ್ತೆ.

ಸರ್ಕಾರಿ ಕಾರ್ಖಾನೆಯಿಂದ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡವರನ್ನು ಎಷ್ಟು ದುಡ್ಡು ಬಂತು ಅಂತ ಮೊದಲೇ ಕೇಳಬೇಡಿ. ಸಹಿ ಹಾಕೋ ಮುಂಚೆ ಮನೆಯಲ್ಲಿ ಯಾರ ಜೊತೆ ಮಾತಾಡಿದ್ರಿ ಅಂತ ಕೇಳಿ. ದುಡ್ಡಿನ ಲೆಕ್ಕ ತಾನಾಗೇ ಬರುತ್ತೆ.

ಮೊಬೈಲಲ್ಲಿ ರೆಕಾರ್ಡ್ ಮಾಡೋದಾದರೆ ಕೇಳಿಯೇ ಮಾಡಿ. ಇಸವಿ ತಪ್ಪು ಹೇಳಿದರೆ ತಿದ್ದೋಕೆ ಹೋಗಬೇಡಿ. ಅವರು ಹೇಳಿದ್ದನ್ನೇ ಬರೆದುಕೊಂಡು ಸರಿಯಾದದ್ದನ್ನು ಪಕ್ಕದಲ್ಲಿ ಪೆನ್ಸಿಲಿನಿಂದ ಹಾಕಿ.