ಮನೆಯಲ್ಲಿ ಸಾವಾದಾಗ ಕಾಗದದ ಕೆಲಸ ಹೇಗೆ?

ಹಾಸನ, ಚಿಕ್ಕಮಗಳೂರು ಕಡೆ ಸಾವಿನ ಮನೆಗೆ ಊರೇ ಆಗುತ್ತದೆ. ಚಟ್ಟ ಕಟ್ಟುವುದರಿಂದ ಹನ್ನೊಂದನೇ ದಿನದ ಅಡುಗೆವರೆಗೆ ಜನ ನಿಂತು ಮಾಡುತ್ತಾರೆ. ಕಾಗದದ ಕೆಲಸ ಮಾತ್ರ ಹಿಂದೆ ಬೀಳುತ್ತದೆ. ಅದನ್ನು ಅಳಿಯನಿಗೋ ಅಣ್ಣನ ಮಗಳಿಗೋ ಮೊದಲ ದಿನವೇ ವಹಿಸಿಬಿಡಿ. ಅಳುತ್ತಾ ಕೂತವರ ಮೇಲೆ ಆ ಹೊರೆ ಬೇಡ.

ಕಣ್ಣು ದಾನ ಮಾಡುವುದಾದರೆ 6 ಗಂಟೆಯೊಳಗೆ ಆಗಬೇಕು. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಗೆ ದಿಂಬು ಕೊಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಆನೆ ತುಳಿತ, ಹಾವು ಕಡಿತ, ಅಪಘಾತವಾಗಿದ್ದರೆ ಪೊಲೀಸರಿಗೆ ತಿಳಿಸದೆ ಮಣ್ಣು ಮಾಡಬೇಡಿ. ಪೋಸ್ಟ್ ಮಾರ್ಟಂ ವರದಿ ಇಲ್ಲದೆ ಪರಿಹಾರ, ವಿಮೆ ಎರಡೂ ಕೈತಪ್ಪಬಹುದು.

ಮುಂದಿನದು ಮರಣ ನೋಂದಣಿ. ಗಡುವು 21 ದಿನ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅಲ್ಲಿಂದಲೇ ಮಾಹಿತಿ ಹೋಗುತ್ತದೆ. ಮನೆಯಲ್ಲಾದರೆ ನಾವೇ ತಿಳಿಸಬೇಕು. ಹಳ್ಳಿಯವರು ಪಂಚಾಯಿತಿಯಲ್ಲಿ ಕೇಳಿ, ಪಟ್ಟಣದವರು ಪುರಸಭೆಗೋ ನಗರಸಭೆಗೋ ಹೋಗಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ, ಸುಮ್ನೆ ಅಲೆದಾಟ.

ಇಲ್ಲಿ ಹೆಸರಿನ ಬಗ್ಗೆ ತುಂಬಾ ಎಚ್ಚರ ಬೇಕು. ಪಹಣಿಯಲ್ಲಿ 'ಪುಟ್ಟೇಗೌಡ ಬಿನ್ ಕೆಂಚೇಗೌಡ' ಇರುತ್ತದೆ, ಆಧಾರ್‌ನಲ್ಲಿ 'ಕೆ. ಪುಟ್ಟೇಗೌಡ', ಊರಲ್ಲಿ ಕರೆಯುವುದು ಪುಟ್ಟಣ್ಣ. ಬರೆಸುವಾಗ ಬಾಯಿಮಾತಲ್ಲಿ ಹೇಳಬೇಡಿ, ಆಧಾರ್ ಮತ್ತು ಪಹಣಿ ಎರಡನ್ನೂ ಮುಂದಿಡಿ. ಒಂದು ಅಕ್ಷರ ತಪ್ಪಿದರೂ ಮುಂದೆ ಜಮೀನು, ಬ್ಯಾಂಕು ಎಲ್ಲ ಕಡೆ ತೊಡಕು. ಪ್ರಮಾಣಪತ್ರದ ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ.

ಜಮೀನಿದ್ದರೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬರಲು, ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡುವ ಅಭ್ಯಾಸ ಇನ್ನೂ ಇದೆ. ಅದು ಅನ್ಯಾಯ, ಕಾನೂನಿಗೂ ವಿರುದ್ಧ. ಎಲ್ಲರ ಹೆಸರೂ ಬರಲಿ. ಪಾಲಿನ ಮಾತು ಆಮೇಲೆ.

ಬ್ಯಾಂಕಿಗೆ ಹೋಗುವ ಮೊದಲು ಪಾಸ್‌ಬುಕ್ ನಿಧಾನವಾಗಿ ನೋಡಿ. ಮೇ ಕೊನೆಯ ಆಸುಪಾಸಿನಲ್ಲಿ 436 ರೂಪಾಯಿ ಕಡಿತವಾಗಿದೆಯಾ? ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ವಿಮೆ ಚಾಲ್ತಿಯಲ್ಲಿದ್ದರೆ ನಾಮಿನಿಗೆ 2 ಲಕ್ಷ ಬರುತ್ತದೆ. 20 ರೂಪಾಯಿ ಕಡಿತವಿದ್ದರೆ ಅದು ಸುರಕ್ಷಾ ವಿಮೆ, ಅಪಘಾತದ ಸಾವಿಗೆ ಅದರಿಂದಲೂ 2 ಲಕ್ಷ. ಎಷ್ಟೋ ಮನೆಗಳಲ್ಲಿ ಈ ವಿಮೆ ಇರುವುದೇ ಹೆಂಡತಿ ಮಕ್ಕಳಿಗೆ ಗೊತ್ತಿರುವುದಿಲ್ಲ. ಕ್ಲೇಮ್ ಫಾರಂ ಅದೇ ಬ್ಯಾಂಕಿನಲ್ಲಿ ಸಿಗುತ್ತದೆ.

ತೀರಿಹೋದವರ ಎಟಿಎಂ ಕಾರ್ಡಿನಿಂದ ದುಡ್ಡು ತೆಗೆಯಬೇಡಿ, ಅಣ್ಣ ತಮ್ಮಂದಿರ ನಡುವೆ ಜಗಳಕ್ಕೆ ಅದೇ ದಾರಿ. ಅವರ ಸಿಮ್ಮಿಗೆ ಮಾತ್ರ ಕೆಲವು ತಿಂಗಳು ರೀಚಾರ್ಜ್ ಮಾಡಿಸುತ್ತಿರಿ. ಬ್ಯಾಂಕು, ವಿಮೆ, ಗ್ಯಾಸ್ ಎಲ್ಲದರ ಮೆಸೇಜೂ ಆ ನಂಬರಿಗೇ ಬರುತ್ತದೆ.