ಕಣಕಿ ದನಕ್ಕೋ, ಹೊಲಕ್ಕೋ?

ನಮ್ಮದು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ಎಂಟು ಎಕರೆ ಎರೆ ಹೊಲ, ಅಂದರೆ ಕಪ್ಪು ಮಣ್ಣು. ಬೋರಿಲ್ಲ, ಬಾವಿಯಿಲ್ಲ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದರಲ್ಲೂ ಸೆಪ್ಟೆಂಬರ್ ಮಳೆಯೇ ನಮಗೆ ಮುಖ್ಯ. ಆ ಹಸಿಯ ಮೇಲೆ ಹಿಂಗಾರಿ ಬಿಳಿಜೋಳ, ಕಡಲೆ ಬೆಳೆಯುತ್ತೇವೆ. ಜೋಳದ ನಡುವೆ ಅಲ್ಲಲ್ಲಿ ಕುಸುಬೆಯ ಅಕ್ಕಡಿ ಸಾಲು. ಕೊಟ್ಟಿಗೆಯಲ್ಲಿ ಎರಡು ಎತ್ತು, ಎರಡು ಎಮ್ಮೆ, ಒಂದು ಆಕಳು, ಅದರ ಕರು.

ನಮ್ಮ ಕಡೆ ಜೋಳ ಬಿತ್ತುವುದು ರೊಟ್ಟಿಗೆ ಮಾತ್ರ ಅಲ್ಲ, ಕಣಕಿಗೂ, ಅಂದರೆ ದನದ ಮೇವಾಗುವ ಒಣ ದಂಟಿಗೂ ಹೌದು. ಹೊಸ ತಳಿ ಎಷ್ಟು ಬಂದರೂ ನಾವು ಮಾಲದಂಡಿ ಬಿಡದಿರುವುದು ಅದಕ್ಕೇ. ಎಂ 35-1 ಎಂದು ಚೀಟಿಯ ಮೇಲೆ ಬರೆದಿರುತ್ತದಲ್ಲ, ಅದೇ. ಎತ್ತರ ಬೆಳೆಯುತ್ತದೆ, ಕಣಕಿಯನ್ನು ದನ ಬಾಯಿ ತುಂಬ ತಿನ್ನುತ್ತವೆ. ಆದರೆ ಕಣಕಿಯೆಲ್ಲ ಬಣವೆಗೆ ಹೋದರೆ ಹೊಲಕ್ಕೆ ಏನು ಉಳಿಯಿತು? ತಿಪ್ಪೆ ಗೊಬ್ಬರ ವರ್ಷಕ್ಕೆ ಎರಡೆಕರೆಗೆ ಮುಟ್ಟಿದರೆ ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲ, ಅಂದರೆ ಕೊಳೆತ ಕಸಕಡ್ಡಿಯಿಂದ ಮಣ್ಣಿಗೆ ಸೇರುವ ಸತ್ವ, ಶೇಕಡಾ 0.38 ಬಂತು. 0.5ಕ್ಕಿಂತ ಕಡಿಮೆ ಇದ್ದರೆ 'ಕಡಿಮೆ' ಎಂದೇ ಲೆಕ್ಕ. ಸತುವೂ ಕಡಿಮೆ ಇತ್ತು. ಸತುವಿನ ಕೊರತೆಗೆ ಅಂಗಡಿಯಲ್ಲಿ ಜಿಂಕ್ ಸಲ್ಫೇಟ್ ಸಿಗುತ್ತದೆ. ಇಂಗಾಲ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮೊದಲು ಮಾಡಿದ ಕೆಲಸ ಚೌಕು ಮಡಿ, ಅಂದರೆ ಮಳೆ ನೀರು ನಿಲ್ಲುವಂತೆ ಸಣ್ಣ ಒಡ್ಡಿನಿಂದ ಹೊಲವನ್ನು ಚೌಕ ಚೌಕ ಮಾಡುವುದು. ಹೊಸದೇನಲ್ಲ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದೇ 1930ರ ದಶಕದಲ್ಲಿ, ಮಡಿ ಹಾಕಿ ಎಂದು ಅಲ್ಲಿಯವರು ಹೇಳುತ್ತಲೇ ಬಂದಿದ್ದಾರೆ. ನಾವು ಕೇಳಿರಲಿಲ್ಲ ಅಷ್ಟೇ. ಮುಂಗಾರಿನಲ್ಲಿ ಹೊಲ ಹರಗಿ ಖಾಲಿ ಬಿಡುವುದು ನಮ್ಮ ಪದ್ಧತಿ. ದೊಡ್ಡ ಮಳೆ ಬಂದರೆ ನೀರು ಕೆಂಪಗೆ ಅಲ್ಲ, ಕಪ್ಪಗೆ ಹರಿದು ಹಳ್ಳ ಸೇರುತ್ತದೆ. ಹೋಗುವುದು ಮೇಲಿನ ಒಳ್ಳೆಯ ಮಣ್ಣೇ.

ಜುಲೈನಲ್ಲಿ ಹೊಲ ಸ್ವಲ್ಪ ಹದಕ್ಕೆ ಬಂದಾಗ ಎತ್ತು ಕಟ್ಟಿ ಉದ್ದಕ್ಕೂ ಅಡ್ಡಕ್ಕೂ ಸಣ್ಣ ಒಡ್ಡು ಎಳೆದೆವು. ಇಳಿಜಾರು ಜಾಸ್ತಿ ಇರುವಲ್ಲಿ ಹತ್ತಡಿಗೆ ಹತ್ತಡಿ, ಸಮ ಇರುವಲ್ಲಿ ಹದಿನೈದಕ್ಕೆ ಹದಿನೈದು. ಒಡ್ಡಿನ ಎತ್ತರ ಅರ್ಧ ಅಡಿ. ಅವ್ವ ಬದುವಿನ ಮೇಲೆ ನಿಂತು ನೋಡಿ, "ಹೊಲದಾಗ ಹಿಂಗ ನೀರ ನಿಂತ್ರ ಬಿತ್ತಾಕ ಹೆಂಗ ಹೋಗ್ತೀಯೋ?" ಎಂದಳು. ಅವಳ ಭಯ ಸುಳ್ಳಲ್ಲ. ಎರೆಯಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹೂತುಕೊಳ್ಳುತ್ತದೆ. ಅದಕ್ಕೇ ಮೊದಲ ವರ್ಷ ನಾಲ್ಕು ಎಕರೆಗೆ ಮಾತ್ರ ಮಡಿ ಹಾಕಿದೆ. ಬಿತ್ತುವ ಮುಂಚೆ ಕುಂಟೆ ಹೊಡೆದು ಒಡ್ಡು ಕೆಡವಿದೆ. ಸೆಪ್ಟೆಂಬರ್ ಕೊನೆಗೆ ಉತ್ತರಿ ಮಳೆ ಮುಗಿಯುವಾಗ ಕೂರಿಗೆ ಹೂಡಿ, ಎಕರೆಗೆ ಮೂರು ಕೆ.ಜಿ. ಬೀಜ ಬಿತ್ತಿದೆ.

ಫರಕು ಕಂಡದ್ದು ಎಳ್ಳಮಾವಾಸ್ಯೆ ದಿನ. ಎಲ್ಲರೂ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೋಗಿದ್ದೆವು. ಊಟ ಆದ ಮೇಲೆ ಸಲಿಕೆ ತಗೊಂಡು ಎರಡೂ ಕಡೆ ಅಗೆದೆ. ಮಡಿ ಇಲ್ಲದ ಕಡೆ ಒಂದು ಮೊಳ ಆಳದಲ್ಲೂ ಮಣ್ಣು ಹೆಂಟೆ ಹೆಂಟೆಯಾಗಿ ಬಂತು, ಹಿಸುಕಿದರೆ ಪುಡಿ. ಮಡಿ ಇದ್ದ ಕಡೆ ಒಂದು ಗೇಣಿನ ಕೆಳಗೇ ತಣ್ಣಗಿತ್ತು, ಕೈಯಲ್ಲಿ ಉಂಡೆ ಕಟ್ಟಿತು. ಅವ್ವನ ಕೈಗೆ ಆ ಉಂಡೆ ಕೊಟ್ಟೆ. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಏನೂ ಹೇಳದೆ ಜೋಳದ ಬುಡಕ್ಕೇ ಇಟ್ಟಳು. ಮಧ್ಯಾಹ್ನದ ಬಿಸಿಲಿಗೆ ಆ ಕಡೆಯ ಎಲೆ ಸುರುಳಿ ಸುತ್ತಿದ್ದವು, ಈ ಕಡೆಯವು ಅಗಲವಾಗಿಯೇ ಇದ್ದವು. ಮುಂದಿನ ವರ್ಷದಿಂದ ಎಂಟೂ ಎಕರೆಗೆ ಮಡಿ.

ಸಾಲಿನ ನಡುವೆ ಎಡೆಕುಂಟೆ ಹೊಡೆಯುವುದನ್ನೂ ಮೂರು ಸಲ ಮಾಡುತ್ತೇನೆ. ಕೊನೆಯದು ಕಳೆ ಕೀಳಲು ಅಲ್ಲ, ಬಿರುಕು ಮುಚ್ಚಲು. ಎರೆ ಬಿರುಕು ಬಿಟ್ಟರೆ ಒಳಗಿನ ಹಸಿ ಆ ಬಾಯಿಯಿಂದಲೇ ಹಾರಿಹೋಗುತ್ತದೆ.

ಇಂಗಾಲ ಹೆಚ್ಚಲಿ ಎಂದು ಹಸಿರೆಲೆ ಗೊಬ್ಬರಕ್ಕೆ ಸೆಣಬು ಹಾಕಿದೆ. ಇಲ್ಲಿ ನಾನು ತಪ್ಪು ಮಾಡಿದೆ. ಹೂವು ಕಾಣಿಸಿದ ಕೂಡಲೇ, ಅಂದರೆ ಸುಮಾರು ನಲವತ್ತೈದು ದಿನಕ್ಕೆ ಮಣ್ಣಿಗೆ ಸೇರಿಸಬೇಕು. ಇನ್ನಷ್ಟು ಬೆಳೆಯಲಿ, ಸೊಪ್ಪು ಜಾಸ್ತಿ ಆಗಲಿ ಎಂದು ಆಸೆಪಟ್ಟು ಎರಡು ವಾರ ಬಿಟ್ಟೆ. ಸೆಣಬು ನಾರಿನ ಬೆಳೆ ಅಲ್ವಾ, ಕಾಂಡ ಹಗ್ಗದ ಹಾಗೆ ಗಟ್ಟಿಯಾಯಿತು. ಕುಂಟೆಗೆ ಸುತ್ತಿಕೊಂಡು ಹತ್ತು ಮಾರಿಗೊಮ್ಮೆ ಎತ್ತು ನಿಲ್ಲಿಸಿ ಬಿಡಿಸಬೇಕಾಯಿತು. ಮೇಲೆ ಆಗಸ್ಟ್‌ನ ಮಘಾ ಮಳೆ ಕೈಕೊಟ್ಟಿತು. ಕೊಳೆಯಲಿಲ್ಲ, ಇದ್ದ ಹಸಿಯನ್ನೂ ಅದೇ ಕುಡಿದಿತ್ತು. ಆ ಎರಡೆಕರೆಯಲ್ಲಿ ಜೋಳ ಮೊಳಕೆಯೇ ಸರಿಯಾಗಿ ಬರಲಿಲ್ಲ.

ಹಾಗಂತ ಬಿಡಲಿಲ್ಲ, ಮಳೆ ನೋಡಿ ತೀರ್ಮಾನಿಸುವುದು ಕಲಿತೆ. ಜೂನ್‌ನ ಮಿರಗದ ಮಳೆ ಚೆನ್ನಾಗಿ ಬಿದ್ದರೆ ಎರಡೆಕರೆಗೆ ಹೆಸರು. ಎಪ್ಪತ್ತು ದಿನದೊಳಗೆ ಕಾಯಿ ಕೈಗೆ ಬರುತ್ತದೆ, ಸ್ವಲ್ಪ ಬಳ್ಳಿ ದನಕ್ಕೆ, ಉಳಿದದ್ದು ಮಣ್ಣಿಗೆ. ಮಳೆ ತಡವಾದರೆ ಸೆಣಬು, ಆದರೆ ಹೂವಿಗೆ ಕಾಯುವುದೂ ಇಲ್ಲ. ಜುಲೈ ಅರ್ಧವಾದರೂ ಮಳೆಯಿಲ್ಲದಿದ್ದರೆ ಮಡಿ ಮಾತ್ರ ಸಾಕು, ಆ ವರ್ಷ ಇಂಗಾಲದ ಮಾತು ಬೇಡ.

ಮೇವಿನ ಕಡೆ ದೊಡ್ಡ ಬದಲಾವಣೆ ಕತ್ತರಿಸುವ ಯಂತ್ರದಿಂದ ಬಂತು. ಮೊದಲು ಇಡೀ ಕಣಕಿ ಗೋದಲಿಗೆ ಹಾಕುತ್ತಿದ್ದೆವು. ಎಲೆ, ತುದಿ ತಿಂದು ಬುಡವನ್ನೆಲ್ಲ ತುಳಿದು ಹಾಕುತ್ತಿದ್ದವು. ಕತ್ತರಿಸಿ ಹಾಕಿದ ಮೇಲೆ ಅದೇ ಬಣವೆ ಬೇಸಿಗೆ ದಾಟಿ ಆಷಾಢದವರೆಗೆ ಬಂತು. 2023ರ ಬರದಲ್ಲಿ ಸುತ್ತಲಿನವರು ಮೇವಿಗೆ ಅಲೆಯುವಾಗ ಹಿಂದಿನ ವರ್ಷದ ಅರ್ಧ ಬಣವೆ ನಮ್ಮಲ್ಲಿತ್ತು. ಮೇವು ಉಳಿಯಿತು ಅಂದ ಮೇಲೆ ಹೊಲದಲ್ಲಿ ಬುಡವನ್ನು ಸ್ವಲ್ಪ ಮೇಲಕ್ಕೆ ಕೊಯ್ದು ಬಿಡುವ ಧೈರ್ಯ ಬಂತು. ಗೋದಲಿಯ ಕಸ ಗಂಜಲದಲ್ಲಿ ನೆನೆದು ತಿಪ್ಪೆಗೆ ಹೋಗುತ್ತದೆ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಹಿಂಡು ನಾಲ್ಕೈದು ರಾತ್ರಿ ನಿಲ್ಲಿಸುತ್ತೇನೆ. ಕುರುಬರಿಗೆ ಕೊಡುವ ಜೋಳ ನನಗೆ ಭಾರ ಅನ್ನಿಸಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಕೊಯ್ದ ಜೋಳದ ಬುಡ ಅಕಾಲ ಮಳೆಗೆ ಚಿಗುರಿದರೆ, ಅದೇ ಕೂಳೆ, ದನವನ್ನು ಹತ್ತಿರಕ್ಕೂ ಬಿಡಬೇಡಿ. ಎಳೆ ಜೋಳದಲ್ಲಿ, ಬಾಡಿ ಕುಗ್ಗಿದ ಜೋಳದಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ನಮ್ಮ ಕರು ಹಗ್ಗ ಕಿತ್ತುಕೊಂಡು ಹೋಗಿ ನಾಲ್ಕು ಬಾಯಿ ತಿಂದಿತ್ತು. ಅರ್ಧ ಗಂಟೆಯೊಳಗೆ ಏದುಸಿರು, ಕಾಲು ನಡುಗಿ ಕುಸಿಯಿತು. ಪಶು ವೈದ್ಯರು ಪಕ್ಕದ ಊರಿನಲ್ಲೇ ಇದ್ದರು, ಬಂದು ಸೂಜಿ ಹಾಕಿದ್ದರಿಂದ ಉಳಿಯಿತು. ಚೆನ್ನಾಗಿ ಒಣಗಿದ ಕಣಕಿಯಲ್ಲಿ ಆ ಭಯವಿಲ್ಲ.

ಈಚೆಗೆ ಮತ್ತೆ ಮಣ್ಣು ಪರೀಕ್ಷೆ ಮಾಡಿಸಿದೆ. ಆಗಿನಂತೆಯೇ ಬೇಸಿಗೆಯಲ್ಲಿ, ಅದೇ ಜಾಗಗಳಲ್ಲಿ, ಅಂಕುಡೊಂಕಾಗಿ ನಡೆದು ಅರ್ಧ ಅಡಿ ಗುಂಡಿ ತೆಗೆದು. ಬದುವಿನ ಹತ್ತಿರ, ತಿಪ್ಪೆ ಹಾಕಿದ್ದಲ್ಲಿ ತೆಗೆಯಲಿಲ್ಲ. ಇಂಗಾಲ 0.46. ಐದು ವರ್ಷಕ್ಕೆ ಇಷ್ಟೇ. ನಮ್ಮ ಬಿಸಿಲಿಗೆ ಮಣ್ಣಿಗೆ ಹಾಕಿದ್ದು ಬೇಗ ಕರಗಿಹೋಗುತ್ತದೆ. ಈ ಸಲ ಮಿರಗಕ್ಕೆ ಮೊದಲೇ ಅವ್ವ ಹೆಸರಿನ ಬೀಜ ಕೇರಿ ಇಟ್ಟಿದ್ದಾಳೆ. ಹಳ್ಳದ ಕಡೆಯ ಎರಡೆಕರೆಗೆ ಹಾಕು ಎಂದಿದ್ದಾಳೆ.