ಬೆಳಗಿನ ಮೊದಲ 20 ನಿಮಿಷ

ಹಲವು ಸಂಶೋಧನಾ ತಂಡಗಳು ಹಂಚಿಕೊಂಡು ಬಳಸುವ 3 ಟೆಸ್ಲಾ ಕಾಂತಕ್ಷೇತ್ರದ ಎಂಆರ್‌ಐ ಸ್ಕ್ಯಾನರ್ ಒಂದರ ಉಸ್ತುವಾರಿ ನನ್ನದು. ದಿನವೂ ಬೆಳಿಗ್ಗೆ, ಪ್ರಯೋಗಕ್ಕೆ ಬಂದ ಸ್ವಯಂಸೇವಕರನ್ನು ಒಳಗೆ ಬಿಡುವ ಮೊದಲು, ಅಗಾರ್ ಜೆಲ್ ತುಂಬಿದ ಗೋಳವೊಂದನ್ನು ತಲೆಯ ಕಾಯಿಲ್‌ನಲ್ಲಿ (ತಲೆಯ ಸುತ್ತ ಕೂರುವ, ಸಿಗ್ನಲ್ ಹಿಡಿಯುವ ಆಂಟೆನಾ) ಇಟ್ಟು 20 ನಿಮಿಷ ಸ್ಕ್ಯಾನ್ ಮಾಡಲೇಬೇಕೆಂದು ನಾನು ನಿಯಮ ಮಾಡಿದಾಗ ಯಾರಿಗೂ ಅದು ರುಚಿಸಲಿಲ್ಲ. ವಾರಗಟ್ಟಲೆ ಸರದಿ ಕಾಯುವವರಿಗೆ ಜೆಲ್ ಉಂಡೆಗೆ ಸಮಯ ಬಿಟ್ಟುಕೊಡುವುದು ದಂಡವೆನಿಸಿದ್ದು ಸಹಜವೇ. ನಮ್ಮ ಮಾತಿನಲ್ಲಿ ಆ ಗೋಳಕ್ಕೆ ಫ್ಯಾಂಟಮ್ ಎಂದು ಹೆಸರು.

ಮಿದುಳು ಕೆಲಸ ಮಾಡುವುದನ್ನು ನೋಡುವ ಫಂಕ್ಷನಲ್ ಎಂಆರ್‌ಐಯಲ್ಲಿ ನಾವು ಹುಡುಕುವ ಬದಲಾವಣೆ ಬಹಳ ಚಿಕ್ಕದು. ನರಕೋಶಗಳು ಚುರುಕಾದ ಕಡೆ ರಕ್ತದಲ್ಲಿನ ಆಮ್ಲಜನಕದ ಮಟ್ಟ ಬದಲಾಗುತ್ತದೆ. 1990ರಲ್ಲಿ ಸೇಜಿ ಒಗಾವಾ ಮತ್ತು ಸಂಗಡಿಗರು ವಿವರಿಸಿದ ಈ ಪರಿಣಾಮದಿಂದ ಸಿಗ್ನಲ್ ಏರುವುದು ಸಾಮಾನ್ಯವಾಗಿ ಶೇಕಡ ಒಂದೆರಡರಷ್ಟು ಮಾತ್ರ, ಅದು ತುದಿ ಮುಟ್ಟುವುದೂ ಪ್ರಚೋದನೆಯಾಗಿ 5-6 ಸೆಕೆಂಡುಗಳ ನಂತರ. ಯಂತ್ರದಲ್ಲೇ ಅಷ್ಟು ಏರಿಳಿತವಿದ್ದರೆ ಮಿದುಳಿನದು ಯಾವುದು, ಯಂತ್ರದ್ದು ಯಾವುದು ಎಂದು ಬಿಡಿಸುವುದು ಕಷ್ಟ. ಉಸಿರಾಟವೂ ನಾಡಿಮಿಡಿತವೂ ಇಲ್ಲದ ಫ್ಯಾಂಟಮ್‌ನ ಚಿತ್ರದಲ್ಲಿ ಏರುಪೇರು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಯಂತ್ರವನ್ನೇ.

ಒಂದು ಬೆಳಿಗ್ಗೆ ಫ್ಯಾಂಟಮ್‌ನ ಸಿಗ್ನಲ್ ಸ್ಥಿರತೆಯ ಅಂಕಿ ಹಿಂದಿನ ವಾರಗಳಿಗಿಂತ ಸ್ಪಷ್ಟವಾಗಿ ಕುಸಿದಿತ್ತು. ಚಿತ್ರವನ್ನು ಹಾಗೆಯೇ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಹಿನ್ನೆಲೆಯ ಹೊಳಪು ಹೆಚ್ಚಿಸಿದಾಗ ಅಲ್ಲೊಂದು ಇಲ್ಲೊಂದು ಪದರದಲ್ಲಿ ಓರೆ ಗೆರೆಗಳು ಎದ್ದು ಕಂಡವು. ಎಲ್ಲೋ ವಿದ್ಯುತ್ ಕಿಡಿಯಂಥದ್ದು ಹಾರಿ ಸಿಗ್ನಲ್‌ಗೆ ಬೆರೆತರೆ ಮೂಡುವ ಗುರುತು ಅದು, ಸ್ಪೈಕ್ ನಾಯ್ಸ್. ಕಾಯಿಲ್ ಬದಲಿಸಿದೆ, ಕೊಠಡಿಯ ದೀಪಗಳನ್ನು ಆರಿಸಿದೆ, ಗೆರೆಗಳು ಹೋಗಲಿಲ್ಲ. ಗ್ರೇಡಿಯೆಂಟ್‌ಗಳು, ಅಂದರೆ ಕಾಂತಕ್ಷೇತ್ರವನ್ನು ಕ್ಷಣಕ್ಷಣಕ್ಕೂ ಬದಲಿಸುವ ತಂತಿ ಸುರುಳಿಗಳು, ಜೋರಾಗಿ ಕಂಪಿಸುವ ಸ್ಕ್ಯಾನ್‌ಗಳಲ್ಲಷ್ಟೇ ಅವು ಬರುತ್ತಿವೆ ಎಂಬುದು ಮಧ್ಯಾಹ್ನದ ಹೊತ್ತಿಗೆ ಖಚಿತವಾಯಿತು. ಸರ್ವೀಸ್ ಎಂಜಿನಿಯರ್ ಬಂದು ಹೊರಕವಚ ಬಿಚ್ಚಿದಾಗ ಸಿಕ್ಕಿದ್ದು ಸಡಿಲವಾಗಿದ್ದ ಒಂದು ತಿರುಪು. ಅದನ್ನು ಬಿಗಿಗೊಳಿಸಿ ಮತ್ತೆ ಫ್ಯಾಂಟಮ್ ಸ್ಕ್ಯಾನ್ ಮಾಡಿದಾಗ ಅಂಕಿ ಹಳೆಯ ಮಟ್ಟಕ್ಕೆ ಬಂತು. ಅಷ್ಟರಲ್ಲಿ ಆ ದಿನದ ಸ್ವಯಂಸೇವಕರನ್ನೆಲ್ಲ ವಾಪಸು ಕಳುಹಿಸಿಯಾಗಿತ್ತು.

ಹಿಂದಿನ ಸಂಜೆಯ ದತ್ತಾಂಶವನ್ನೂ ತೆಗೆದು ನೋಡಿದೆ. ಕೊನೆಯ ಅವಧಿಯಲ್ಲಿ ಅವೇ ಗೆರೆಗಳಿದ್ದವು, ಮತ್ತು ಆ ಅವಧಿ ನನ್ನ ನಿಯಮವನ್ನು ಎಲ್ಲರಿಗಿಂತ ಹೆಚ್ಚು ವಿರೋಧಿಸಿದ್ದ ತಂಡದ್ದು. ಅವರಿಗೆ ವಿಷಯ ತಿಳಿಸುವಾಗ ನನಗೆ ಗೆದ್ದೆನೆಂಬ ಭಾವವೇನೂ ಇರಲಿಲ್ಲ. ಬೆಳಿಗ್ಗೆ ಮಾತ್ರ ಪರೀಕ್ಷಿಸಿದ್ದರಿಂದಲೇ ಆ ಅವಧಿ ನನ್ನ ಕಣ್ಣು ತಪ್ಪಿತ್ತು. ಈಗ ದಿನದ ಕೊನೆಗೂ ಒಂದು ಚಿಕ್ಕ ಫ್ಯಾಂಟಮ್ ಸ್ಕ್ಯಾನ್ ನಡೆಯುತ್ತದೆ.